ಮೈಸೂರಿನ ಪಬ್‌ನಲ್ಲಿ ಕುಡಿದ ವೀಟ್ ಬಿಯರ್‌ಗೆ ಬಾಳೆಹಣ್ಣಿನ ವಾಸನೆ ಇತ್ತು. ಎಸೆನ್ಸ್ ಹಾಕಿರ್ತಾರಾ? ಬಿಯರ್ ರುಚಿ ನೋಡಿ ಅಂಕ ಹಾಕುವಾಗ ಇದಕ್ಕೆ ಕಡಿಮೆ ಕೊಡಬೇಕಾ?

ಸಾಮಾನ್ಯವಾಗಿ ಎಸೆನ್ಸ್ ಹಾಕಿರುವುದಿಲ್ಲ. ಆ ವಾಸನೆ ಬರುವುದು ಯೀಸ್ಟ್‌ನಿಂದ. ನೀವು ಕುಡಿದದ್ದು ಜರ್ಮನ್ ಶೈಲಿಯ ಹೆಫೆವೈಜನ್ (ಸೋಸದ ಗೋಧಿ ಬಿಯರ್) ಆಗಿದ್ದರೆ ಅಂಕ ಕಡಿಮೆ ಮಾಡಬೇಡಿ, ಆ ವಾಸನೆ ಇರಲೇಬೇಕು.

ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯ ಮಾಡುವಾಗ ಎಸ್ಟರ್ ಎಂಬ ಪರಿಮಳದ ವಸ್ತುಗಳನ್ನೂ ಬಿಡುತ್ತದೆ. ಅದರಲ್ಲಿ ಒಂದು ಐಸೋಅಮೈಲ್ ಅಸಿಟೇಟ್. ಮಾಗಿದ ಬಾಳೆಹಣ್ಣಿನಲ್ಲಿರುವುದೂ ಅದೇ. ನಂಜನಗೂಡು ರಸಬಾಳೆ ಮೂಸಿ ಬೆಳೆದ ನಮಗೆ ಅದು ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಹೆಫೆವೈಜನ್ ಯೀಸ್ಟ್ ಇದನ್ನು ಜಾಸ್ತಿ ಬಿಡುತ್ತದೆ, ಜೊತೆಗೆ ಲವಂಗದಂಥ ಘಮವನ್ನೂ ಕೊಡುತ್ತದೆ. ಹುದುಗುವಾಗ ಬಿಸಿ ಹೆಚ್ಚಾದರೆ ಬಾಳೆಹಣ್ಣು ಇನ್ನೂ ಮುಂದೆ ಬರುತ್ತದೆ. ಲಾಗರ್ ಎಂಬ ಬಗೆಯ ಬಿಯರ್ ಅನ್ನು ಸುಮಾರು 10 ಡಿಗ್ರಿ ತಂಪಿನಲ್ಲಿ ಹುದುಗಿಸುವುದರಿಂದ ಅದರಲ್ಲಿ ಈ ವಾಸನೆ ಕಾಣುವುದು ಕಡಿಮೆ. ಲಾಗರ್‌ನಲ್ಲಿ ಬಾಳೆಹಣ್ಣು ಎದ್ದು ಕಂಡರೆ ಮಾತ್ರ ಧಾರಾಳವಾಗಿ ಅಂಕ ಕಳೆಯಿರಿ.

ಇನ್ನೊಂದು ಮಾತು. ಗ್ಲಾಸ್ ಬಂದ ಕೂಡಲೇ ಅಂಕ ಹಾಕಬೇಡಿ. ತುಂಬಾ ತಣ್ಣಗಿದ್ದಾಗ ಪರಿಮಳ ಮೇಲೇಳುವುದಿಲ್ಲ. ಐದು ನಿಮಿಷ ಸುಮ್ನೆ ಬಿಟ್ಟು, ಮೊದಲು ಮೂಸಿ, ಆಮೇಲೆ ಗುಟುಕರಿಸಿ.