ಕಪ್ ಯಾರ ಖಾತೆಗೆ?

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಕೋಚ್‌ಗಳ ಶ್ರೇಷ್ಠತೆಯ ಪಟ್ಟಿ ಹಾಕಿದ್ದೀರಿ. ಆಶ್ಲಿ ವೆಸ್ಟ್‌ವುಡ್ ಮೊದಲು, ಆಲ್ಬರ್ಟ್ ರೋಕಾ ಎರಡು, ಕಾರ್ಲಸ್ ಕ್ವಾಡ್ರಾಟ್ ಮೂರು, ಸೈಮನ್ ಗ್ರೇಸನ್ ನಾಲ್ಕು. ಕ್ಲಬ್‌ಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ತಂದವರು ಕ್ವಾಡ್ರಾಟ್ ಒಬ್ಬರೇ. ಮನೆಯಂಗಳದಲ್ಲೇ ಫೈನಲ್ ಸೋತ ರೋಕಾ ಕ್ವಾಡ್ರಾಟ್‌ಗಿಂತ ಮೇಲೆ ಹೇಗೆ? ಸೋಲಿಗೂ ಮಾರ್ಕ್ಸ್ ಕೊಡ್ತೀರಾ? ಕಪ್ ಎಣಿಸಿ, ಪಟ್ಟಿ ಮಾಡಿ, ಮುಗೀತು. ಇನ್ನು ಭಾರತ ತಂಡದ ಹಳೇ ಕೋಚ್ ರಹೀಮ್ ಸಾಹೇಬರ ಹೆಸರೇ ಇಲ್ಲದ ಕೋಚ್ ಪಟ್ಟಿ ಅದೆಂಥ ಪಟ್ಟಿ? ಒಬ್ಬ ಓದುಗ, ಹಲಸೂರು

ಸಂಪಾದಕರ ಉತ್ತರ:

ನಮಸ್ಕಾರ ಸಾರ್. ಫುಟ್‌ಬಾಲ್ ವಿಚಾರಕ್ಕೆ ಹಲಸೂರಿನಿಂದ ಬೈಗುಳ ಬಂದರೆ ಸಂತೋಷವೇ. ಅಲ್ಲಿನವರು ಸುಮ್ನೆ ಬೈಯುವುದಿಲ್ಲ.

ಮೊದಲು ನೀವು ಹೇಳಿದಂತೆ ಕಪ್ಪನ್ನೇ ಎಣಿಸೋಣ. ವೆಸ್ಟ್‌ವುಡ್ ಎರಡು ಐ-ಲೀಗ್ (ಆಗ ದೇಶದ ಪ್ರಮುಖ ಲೀಗ್) ಗೆದ್ದರು, 2013-14 ಮತ್ತು 2015-16ರಲ್ಲಿ. ನಡುವೆ ಒಂದು ಫೆಡರೇಷನ್ ಕಪ್. ಒಟ್ಟು ಮೂರು. ರೋಕಾ 2017ರಲ್ಲಿ ಫೆಡರೇಷನ್ ಕಪ್, 2018ರಲ್ಲಿ ಸೂಪರ್ ಕಪ್ ಗೆದ್ದರು. ಎರಡು. ಕ್ವಾಡ್ರಾಟ್ ಖಾತೆಯಲ್ಲಿ 2018-19ರ ಐಎಸ್‌ಎಲ್, ಒಂದು. ಗ್ರೇಸನ್ ಖಾತೆಯಲ್ಲಿ 2022ರ ಡ್ಯುರಾಂಡ್ ಕಪ್, ಅದೂ ಒಂದು. ನೋಡಿ, ನಿಮ್ಮ ಲೆಕ್ಕದಲ್ಲೂ ಬಂದದ್ದು ಹೆಚ್ಚುಕಡಿಮೆ ನಮ್ಮ ಪಟ್ಟಿಯೇ! ನಿಮಗೆ ಅದು ಒಪ್ಪಿಗೆಯಾಗುತ್ತಿಲ್ಲ ಅಂದರೆ ಎಲ್ಲ ಕಪ್ಪೂ ಒಂದೇ ತೂಕದ್ದಲ್ಲ ಅಂತ ನೀವೂ ಒಪ್ಪಿದಂತೆ. ಹಾಗಾದರೆ ತೂಕ ಹಾಕುವುದು ಹೇಗೆ? ನಮ್ಮ ನಿಮ್ಮ ಜಗಳ ಇರುವುದು ಅಲ್ಲಿ.

ನಾನು ಕೇಳುವುದು ಇಷ್ಟೇ. ಬಂದಾಗ ಈ ಮನುಷ್ಯನ ಕೈಗೆ ಸಿಕ್ಕಿದ್ದೇನು? ಅದರಿಂದ ಅವನು ಮಾಡಿದ್ದೇನು? ಹಿಂದಿನವರು ಮಾಡಿಟ್ಟಿದ್ದು, ಮಾಲೀಕರು ಸುರಿದ ದುಡ್ಡು, ಆ ದಿನದ ಅದೃಷ್ಟ, ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಕೋಚ್‌ನ ಪಾಲು. ಕಪ್ ಆಮೇಲೆ.

ನಿಮ್ಮ ಮುಖ್ಯ ಆಕ್ಷೇಪ ರೋಕಾ ಬಗ್ಗೆ. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ, ಐಎಸ್‌ಎಲ್ ಫೈನಲ್. ಐಎಸ್‌ಎಲ್‌ನಲ್ಲಿ ನಮ್ಮ ಮೊದಲ ವರ್ಷ. ಒಂಬತ್ತನೇ ನಿಮಿಷದಲ್ಲೇ ನಮ್ಮ ಸುನಿಲ್ ಛೆಟ್ರಿ ಗೋಲು ಹೊಡೆದರು. ಆಮೇಲೆ ಎದುರಾಳಿ ಚೆನ್ನೈಯಿನ್ ಎಫ್‌ಸಿ ಪರವಾಗಿ ಮೈಲ್ಸನ್ ಆಲ್ವೆಸ್ ಎರಡು ಬಾರಿ ತಲೆ ಕೊಟ್ಟು ಗೋಲು ಹೊಡೆದರು, ರಫಾಯೆಲ್ ಅಗಸ್ಟೊ ಮೂರನೆಯದು ಹಾಕಿದರು. ನಮ್ಮ ಮಿಕು ಕೊನೆಯಲ್ಲಿ ಒಂದು ಗೋಲು ತಿರುಗಿಸಿದರೂ 3-2ರ ಸೋಲು. ಅವತ್ತು ಕಂಠೀರವದಿಂದ ಹೊರಗೆ ಬಂದವರಿಗೆ ಆ ಬೇಸರ ನೆನಪಿರುತ್ತದೆ. ಆದರೆ ಅದಕ್ಕೆ ಮುಂಚಿನ 18 ಲೀಗ್ ಮ್ಯಾಚ್‌ಗಳಲ್ಲಿ ರೋಕಾ ತಂಡ ತೆಗೆದದ್ದು 40 ಪಾಯಿಂಟ್. ಎರಡನೇ ಜಾಗದಲ್ಲಿದ್ದ ಇದೇ ಚೆನ್ನೈಯಿನ್‌ದು 32. ಎಂಟು ಪಾಯಿಂಟ್ ಅಂತರ! ಪ್ರಪಂಚದ ಬಹುಪಾಲು ಲೀಗ್‌ಗಳಲ್ಲಿ ಅಷ್ಟಕ್ಕೇ ಚಾಂಪಿಯನ್. ನಮ್ಮಲ್ಲಿ ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾಗಿದ್ದೇ 2019-20ರಲ್ಲಿ. ಎರಡು ವರ್ಷ ಮೊದಲೇ ಆ ನಿಯಮ ಇದ್ದಿದ್ದರೆ ರೋಕಾ ಹೆಸರಿನ ಮುಂದೆ ಇನ್ನೊಂದು ಟ್ರೋಫಿ ಇರುತ್ತಿತ್ತು, ನೀವು ಈ ಪತ್ರ ಬರೆಯುತ್ತಿರಲಿಲ್ಲ. ತಂಡ ಆಡಿದ ಆಟದಲ್ಲಿ ಮಾತ್ರ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ.

ಈಗ ಸರಿಯಾಗಿ ಒಂದು ವರ್ಷ ಮುಂದೆ ಬನ್ನಿ. 2019ರ ಮಾರ್ಚ್ 17, ಮುಂಬೈ. ಎದುರಿಗೆ ಎಫ್‌ಸಿ ಗೋವಾ. ತೊಂಬತ್ತು ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್‌ನಲ್ಲಿ ಗೋವಾದ ಅಹಮದ್ ಜಹೂ ರೆಡ್ ಕಾರ್ಡ್ ತಿಂದರು. ಪೆನಾಲ್ಟಿ ಶೂಟೌಟ್‌ಗೆ ಇನ್ನೇನು ಕೆಲವೇ ನಿಮಿಷ ಅನ್ನುವಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು, ಕಪ್ ನಮ್ಮದಾಯಿತು. ಕಾರ್ನರ್, ಫ್ರೀಕಿಕ್‌ಗಳನ್ನು ಕ್ವಾಡ್ರಾಟ್ ತಂಡ ಬಹಳ ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿತ್ತು. ಹಾಗಾಗಿ ಆ ಗೋಲನ್ನು ಬರೀ ಅದೃಷ್ಟ ಅಂತ ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಕ್ವಾಡ್ರಾಟ್ ಹಿಂದಿನ ಸೀಸನ್‌ವರೆಗೂ ರೋಕಾಗೆ ಸಹಾಯಕರಾಗಿದ್ದವರು. ಛೆಟ್ರಿ, ಗುರ್‌ಪ್ರೀತ್, ಹುವಾನನ್, ಮಿಕು, ಉದಾಂತ, ಎಲ್ಲ ಮೊದಲಿನವರೇ. ಹಿಟ್ಟು ರುಬ್ಬಿದವರು ಒಬ್ಬರು, ದೋಸೆ ಹುಯ್ದವರು ಇನ್ನೊಬ್ಬರು. ದೋಸೆ ಚೆನ್ನಾಗಿತ್ತು, ಸರಿ. ಹಿಟ್ಟಿನ ಲೆಕ್ಕವೂ ಬರೆಯಬೇಕಲ್ವಾ?

ಇದೇ ನ್ಯಾಯ ರೋಕಾಗೂ ಅನ್ವಯಿಸುತ್ತದೆ, ಬಿಡುವುದಿಲ್ಲ. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್‌ನಲ್ಲಿ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಹೊಡೆದೆವು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್‌ಗೆ 1-0ರಿಂದ ಸೋತೆವು. ಎಲ್ಲರೂ ಇದನ್ನು ರೋಕಾ ಸಾಧನೆ ಅನ್ನುತ್ತಾರೆ. ಆದರೆ ಗುಂಪಿನ ಹಂತ ದಾಟಿಸಿದ್ದು, ಹಾಂಗ್‌ಕಾಂಗ್‌ಗೆ ಹೋಗಿ ಕಿಚೀ ತಂಡವನ್ನು ಸೋಲಿಸಿ ಕ್ವಾರ್ಟರ್‌ಫೈನಲ್‌ಗೆ ಸೇರಿಸಿದ್ದು ವೆಸ್ಟ್‌ವುಡ್. ರೋಕಾ ಬಂದದ್ದು ಕ್ವಾರ್ಟರ್‌ಫೈನಲ್ ಹೊತ್ತಿಗೆ.

ಆ ವೆಸ್ಟ್‌ವುಡ್ ಕೈಗೆ ಸಿಕ್ಕಿದ್ದೇನು? ಹಳೆಯದೇನೂ ಇಲ್ಲ. 2013ರಲ್ಲಿ ಹುಟ್ಟಿದ ಕ್ಲಬ್, ಸ್ವಂತ ಅಭಿಮಾನಿಗಳಿಲ್ಲ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಕೃತಕ ಹುಲ್ಲು. ಅಲ್ಲಿಂದ ಮೊದಲ ವರ್ಷವೇ ಲೀಗ್ ಗೆದ್ದರು. ದುಡ್ಡಿತ್ತು, ಛೆಟ್ರಿ ಇದ್ದರು, ಅದು ನಿಜ. ಆದರೆ ದುಡ್ಡಿದ್ದ ಬೇರೆ ಕ್ಲಬ್‌ಗಳೂ ಇದ್ದವು. ಎರಡನೇ ವರ್ಷ ಕೊನೇ ದಿನ ಕಂಠೀರವದಲ್ಲಿ ಮೋಹನ್ ಬಗಾನ್ ವಿರುದ್ಧ ಗೆದ್ದರೆ ಮತ್ತೆ ಚಾಂಪಿಯನ್. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದೆವು. ಮ್ಯಾಚ್ ಮುಗಿಯುವ ಹೊತ್ತಿಗೆ ಬೆಲ್ಲೊ ರಜಾಕ್ ಹೆಡ್ ಮಾಡಿ ಸಮ ಮಾಡಿದರು, ಲೀಗ್ ಕೋಲ್ಕತ್ತಕ್ಕೆ ಹೋಯಿತು. ಆ ಒಂದು ಹೆಡರ್‌ನಿಂದ ವೆಸ್ಟ್‌ವುಡ್ ಕೆಟ್ಟ ಕೋಚ್ ಆದರಾ?

ಡಗೌಟ್‌ನಲ್ಲಿ (ಮೈದಾನದ ಅಂಚಿನಲ್ಲಿ ಕೋಚ್ ಕೂರುವ ಜಾಗ) ಕೋಚ್ ಇಲ್ಲದೆಯೂ ಕಪ್ ಬರುತ್ತದೆ. 2023ರಲ್ಲಿ ನಮ್ಮೂರಲ್ಲೇ ನಡೆದ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ನೆನಪಿದೆಯಲ್ಲ? ಆಗಿನ ಭಾರತ ತಂಡದ ಕೋಚ್ ಇಗೋರ್ ಸ್ಟಿಮಾಚ್ ಎರಡೆರಡು ಸಲ ರೆಡ್ ಕಾರ್ಡ್ ತಿಂದು ಸೆಮಿಫೈನಲ್, ಫೈನಲ್ ಎರಡಕ್ಕೂ ಹೊರಗಿದ್ದರು. ಕುವೈತ್ ವಿರುದ್ಧದ ಫೈನಲ್‌ನಲ್ಲಿ ಗೆರೆಯ ಪಕ್ಕ ನಿಂತು ತಂಡ ನಡೆಸಿದ್ದು ಸಹಾಯಕ ಕೋಚ್ ಮಹೇಶ್ ಗಾವ್ಳಿ. ಪೆನಾಲ್ಟಿಯಲ್ಲಿ 5-4ರಿಂದ ಗೆದ್ದೆವು. ದಾಖಲೆಯಲ್ಲಿ ಆ ಕಪ್ ಸ್ಟಿಮಾಚ್‌ದೇ. ತಂಡ ಕಟ್ಟಿದವರು ಅವರೇ ಆದ್ದರಿಂದ ಅದು ಸರಿಯೇ ಅನ್ನಿಸುತ್ತದೆ ನನಗೆ. ಆದರೆ ಆ ಎರಡು ಮ್ಯಾಚ್‌ಗೆ ಗಾವ್ಳಿ ಹೆಸರನ್ನು ಎಷ್ಟು ಜನ ಹೇಳಿದರು?

ರಹೀಮ್ ಸಾಹೇಬರ ವಿಚಾರ. ನಮ್ಮದು ಒಂದು ಕ್ಲಬ್‌ನ ಕೋಚ್‌ಗಳ ಪಟ್ಟಿ, ಅವರು ಅದರಲ್ಲಿ ಬರುವ ಮಾತೇ ಇರಲಿಲ್ಲ. ದೇಶದ ಪಟ್ಟಿ ಮಾಡಿದರೆ ಸೈಯದ್ ಅಬ್ದುಲ್ ರಹೀಮ್ ಮೊದಲಿಗರು, ಎರಡನೆಯವರು ಬಹಳ ದೂರದಲ್ಲಿ. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1962ರಲ್ಲಿ ಜಕಾರ್ತದಲ್ಲಿ ಅವರು ಮಾಡಿದ ಒಂದು ಬದಲಾವಣೆ. ಮೊದಲ ಮ್ಯಾಚ್‌ನಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಆಮೇಲೆ ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟು, ಹೊಲಿಗೆ. ಬೇರೆಯವರಾಗಿದ್ದರೆ ಕೂರಿಸುತ್ತಿದ್ದರು. ರಹೀಮ್ ಅವರನ್ನು ಎತ್ತಿ ಫಾರ್ವರ್ಡ್ ಮಾಡಿದರು! ಜರ್ನೈಲ್ ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಅದೇ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ. ಇದನ್ನು ಯಾವ ಲೆಕ್ಕದಲ್ಲಿ ಕಳೆದರೂ ಕೋಚ್‌ನ ಪಾಲಾಗಿ ಪೂರ್ತಿ ಉಳಿಯುತ್ತದೆ.

ಮರುವರ್ಷವೇ ಅವರು ತೀರಿಕೊಂಡರು. ಆಮೇಲೆ ಭಾರತಕ್ಕೆ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಚಿನ್ನವೇ ಬಂದಿಲ್ಲ. ಕೋಚ್ ಹೋದ ಮೇಲೆ ತಂಡ ಬಿದ್ದರೆ ಅದು ಅವನ ದೊಡ್ಡತನವೋ, ಮುಂದಿನವರಿಗೆ ಏನೂ ಬಿಟ್ಟುಹೋಗಲಿಲ್ಲ ಅನ್ನುವ ದೂರೋ? ಇಲ್ಲಿ ನನ್ನ ಅಳತೆಗೋಲೂ ಅಲ್ಲಾಡುತ್ತದೆ. ಆಲೆಕ್ಸ್ ಫರ್ಗ್ಯೂಸನ್ 2013ರಲ್ಲಿ ಲೀಗ್ ಗೆದ್ದು ಹೊರಟರು, ಮರುವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ಏಳನೇ ಸ್ಥಾನಕ್ಕಿಳಿಯಿತು. ಕೆಲವರು ಇದನ್ನೇ ಅವರ ದೊಡ್ಡತನಕ್ಕೆ ಸಾಕ್ಷಿ ಅನ್ನುತ್ತಾರೆ, ಕೆಲವರು ವಯಸ್ಸಾದ ತಂಡ ಬಿಟ್ಟುಹೋದರು ಅಂತ ಬೈಯುತ್ತಾರೆ. ಕಾಯಿಲೆಯಿಂದ ತೀರಿಕೊಂಡ ರಹೀಮ್ ಮೇಲೆ ಆ ದೂರು ಹೊರಿಸಲಾಗದು. ಅವರ ನಂತರದ ಪತನ ಆಡಳಿತದವರ ಲೆಕ್ಕಕ್ಕೆ.

ನಿಮ್ಮನ್ನೂ ಒಂದು ಕೇಳಲೇ? 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೆಸರಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಕಳೆದು ಬಂದ ಕಪ್. ಕೋಚ್ ರವಿ ಬಾಬು ರಾಜು. ಐಎಸ್‌ಎಲ್ ತಾರೆಯರಿಲ್ಲ, ಕೋಟಿಗಳಿಲ್ಲ, ವಿದೇಶಿ ಆಟಗಾರರಿಲ್ಲ. ಸಿಕ್ಕಿದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ ಅಳೆದರೆ ಅವರು ಎಲ್ಲಿರಬೇಕು? ಅವರನ್ನೇಕೆ ಯಾವ ಪಟ್ಟಿಯಲ್ಲೂ ಸೇರಿಸಿಲ್ಲ ಅಂತ ಹಲಸೂರಿನಿಂದಲೂ ಒಂದು ಪತ್ರ ಬಂದಿಲ್ಲ!

ಕೊನೆಗೆ ಕ್ವಾಡ್ರಾಟ್. ಅವರ ಬಗ್ಗೆ ನನಗೆ ನಿಮಗಿಂತ ಕಡಿಮೆ ಗೌರವ ಇಲ್ಲ. 2024ರ ಜನವರಿಯಲ್ಲಿ ಅವರು ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. 12 ವರ್ಷ ರಾಷ್ಟ್ರಮಟ್ಟದ ಕಪ್ ಕಾಣದಿದ್ದ ಕ್ಲಬ್ ಅದು. ಅಲ್ಲಿ ಅವರಿಗೆ ಯಾರೂ ಏನೂ ಸಿದ್ಧ ಮಾಡಿಟ್ಟಿರಲಿಲ್ಲ. ನನ್ನ ಲೆಕ್ಕದಲ್ಲಿ ಮುಂಬೈಯಲ್ಲಿ ಗೆದ್ದ ಐಎಸ್‌ಎಲ್ ಕಪ್ಪಿಗಿಂತ ಅದೇ ಹೆಚ್ಚು ತೂಗುತ್ತದೆ. ಭಾರತದಲ್ಲಿ ಕೆಲಸ ಮಾಡಿದ ಕ್ಲಬ್ ಕೋಚ್‌ಗಳ ಪಟ್ಟಿ ಮಾಡಿದಾಗ ಅವರನ್ನು ರೋಕಾಗಿಂತ ಮೇಲೆ ಹಾಕುತ್ತೇನೆ. ಬೆಂಗಳೂರು ಎಫ್‌ಸಿ ಪಟ್ಟಿಯಲ್ಲಿ ಮಾತ್ರ ಅವರು ಮೂರನೆಯವರೇ. ಗ್ರೇಸನ್‌ರನ್ನು ಮೂರಕ್ಕೆ ತರಬೇಕು ಅನ್ನುವವರ ಪತ್ರಗಳೂ ಬಂದಿವೆ, ಮುಂದಿನ ಸಂಚಿಕೆಯಲ್ಲಿ ಅವರ ಜೊತೆ ಜಗಳ.

— ಸಂಪಾದಕ