ಆಗುಂಬೆಯಲ್ಲಿ ತೆಗೆದ ಪತಂಗಗಳ ಫೋಟೊ ನೋಡಿ ಅವುಗಳ ಹೆಸರು ಹೇಳಬಹುದೇ?

ಆಗುಂಬೆಯಲ್ಲಿ ಎರಡು ರಾತ್ರಿ ತಂಗಿದ್ದಾಗ ಜಗಲಿಯ ದೀಪಕ್ಕೆ ಬಂದ ನಲವತ್ತು ಪತಂಗಗಳ ಫೋಟೊ ತೆಗೆದಿದ್ದೀರಿ. ಮೊಬೈಲಿನ ಆಪ್ ಒಂದೇ ಪತಂಗಕ್ಕೆ ಬೆಳಿಗ್ಗೆ ಒಂದು ಹೆಸರು, ಸಂಜೆ ಇನ್ನೊಂದು ಹೆಸರು ಹೇಳುತ್ತಿದೆ. ಫೋಟೊದಿಂದ ಜಾತಿ ಗುರುತಿಸಲು ನಿಜಕ್ಕೂ ಆಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಕೆಲವಕ್ಕೆ ಆಗುತ್ತದೆ, ಬಹಳಷ್ಟಕ್ಕೆ ಅರ್ಧ ದಾರಿಯವರೆಗೆ ಆಗುತ್ತದೆ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು, ಕೀಟಶಾಸ್ತ್ರ ಓದಿದವನಲ್ಲ. ಒಂಬತ್ತು ವರ್ಷಗಳಿಂದ ಬಚ್ಚಲುಮನೆಯ ಹೊರಗೋಡೆಗೆ ಬರುವ ಹಾತೆಗಳ ಫೋಟೊ ತೆಗೆಯುತ್ತಿದ್ದೇನೆ, ಮನೆಯವರ ಗೊಣಗಾಟದ ನಡುವೆ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಒಣಗಿದ ಎಲೆಯಂಥ ಬೂದುಗಂದು ಬಣ್ಣದ, ಹೆಬ್ಬೆರಳಿನಷ್ಟು ಉದ್ದದ ಒಂದು ಪತಂಗ ಮಳೆಗಾಲ ಮುಗಿಯುತ್ತಿದ್ದಂತೆ ಬರುತ್ತಿತ್ತು. ಮೂರು ವರ್ಷ ಅದು ‘ಗೊತ್ತಿಲ್ಲ’ ಎಂಬ ಫೋಲ್ಡರಿನಲ್ಲೇ ಬಿದ್ದಿತ್ತು. ಒಂದು ರಾತ್ರಿ ಹಲ್ಲಿ ಅದರ ಮೇಲೆ ಎಗರಿತು. ಪತಂಗ ರೆಕ್ಕೆ ಬಿಚ್ಚಿದಾಗ ಒಳಗೆ ಕೆಂಡದಂಥ ಕಿತ್ತಳೆ ಬಣ್ಣ, ನಡುವೆ ಕಪ್ಪು ಚುಕ್ಕೆ! ಆಮೇಲೆ ಹೆಸರು ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅದು ಹಣ್ಣು ಚುಚ್ಚಿ ರಸ ಹೀರುವ ಯುಡೋಸಿಮಾ ಗುಂಪಿನದು. ಹಿಂದಿನ ರೆಕ್ಕೆಯ ಕಪ್ಪು ಗುರುತು ದುಂಡಗಿದ್ದರೆ ಯುಡೋಸಿಮಾ ಮಟರ್ನಾ, ಅಲ್ಪವಿರಾಮದಂತೆ ಬಾಗಿದ್ದರೆ ಯುಡೋಸಿಮಾ ಫಲೋನಿಯಾ. ನನ್ನದು ದುಂಡಗಿತ್ತು. ಮಟರ್ನಾದ ಮರಿಹುಳು ಅಮೃತಬಳ್ಳಿಯ ಎಲೆ ತಿನ್ನುತ್ತದೆ ಎಂದು ಓದಿ ಬೇಲಿಯ ಕಡೆ ನೋಡಿದೆ. ಅಜ್ಜಿ ಕಷಾಯಕ್ಕೆಂದು ಹಬ್ಬಿಸಿದ್ದ ಬಳ್ಳಿ ಅಲ್ಲೇ ಇತ್ತು. ಹಿತ್ತಿಲಿನ ಕಿತ್ತಳೆ ಹಣ್ಣು ತೂತಾಗಿ ಉದುರುತ್ತಿದ್ದುದಕ್ಕೆ ನಾವು ಅಷ್ಟು ವರ್ಷ ಬಾವಲಿಯನ್ನು ಬೈದುಕೊಂಡಿದ್ದೆವು.

ನಿಮ್ಮ ಫೋಟೊಗಳ ತೊಡಕೂ ಇದೇ ಇರಬೇಕು. ಹೆಸರು ಹೇಳುವ ಗುರುತು ಎಷ್ಟೋ ಪತಂಗಗಳಲ್ಲಿ ಹಿಂದಿನ ರೆಕ್ಕೆಯಲ್ಲಿ ಅಥವಾ ರೆಕ್ಕೆಯ ಅಡಿಭಾಗದಲ್ಲಿ ಇರುತ್ತದೆ. ಗೋಡೆಗೆ ಕುಳಿತಾಗ ಮುಂದಿನ ರೆಕ್ಕೆ ಅದನ್ನು ಮುಚ್ಚಿಬಿಡುತ್ತದೆ. ಸಾಗುವಾನಿ ತೋಪುಗಳನ್ನು ಬೋಳು ಮಾಡುವ ಹಿಬ್ಲಿಯಾ ಪ್ಯೂರಾವನ್ನೇ ನೋಡಿ: ಕುಳಿತರೆ ಕಂದು ಚೂರು, ರೆಕ್ಕೆ ತೆರೆದರೆ ಕಪ್ಪಿನ ಮೇಲೆ ಕಿತ್ತಳೆ ಪಟ್ಟೆ. ಹಳೆಯ ಗ್ರಂಥಗಳಿಂದಲೂ ಇಲ್ಲಿ ಸುಲಭದ ಸಹಾಯ ಸಿಗುವುದಿಲ್ಲ. ನೀಲಗಿರಿಯಲ್ಲಿ ಚಹಾ ತೋಟ ನಡೆಸಿದ್ದ ಹ್ಯಾಂಪ್ಸನ್ 1892ರಿಂದ 1896ರವರೆಗೆ ಭಾರತದ ಪತಂಗಗಳ ಬಗ್ಗೆ ನಾಲ್ಕು ಸಂಪುಟ ಬರೆದ. ಅವನ ಮುಂದಿದ್ದವು ಸೂಜಿ ಚುಚ್ಚಿ ನಾಲ್ಕೂ ರೆಕ್ಕೆ ಹರಡಿಸಿದ ಸತ್ತ ಪತಂಗಗಳು. ಅವನ ವರ್ಣನೆಯನ್ನು ನಮ್ಮ ಗೋಡೆಯ ಮೇಲೆ ಮುದುಡಿ ಕುಳಿತ ಜೀವಕ್ಕೆ ಹೊಂದಿಸುವುದು, ಮದುವೆ ಫೋಟೊ ನೋಡಿ ಕಂಬಳಿ ಹೊದ್ದು ಮಲಗಿದವರನ್ನು ಗುರುತಿಸಿದಂತೆ.

ಕುಳಿತ ಭಂಗಿಯಿಂದ ಕುಟುಂಬವನ್ನಂತೂ ಊಹಿಸಬಹುದು. ನಾಲ್ಕೂ ರೆಕ್ಕೆಯನ್ನು ಗೋಡೆಗೆ ಅಂಟಿಸಿದಂತೆ ಹರಡಿ, ಒಂದೇ ಗೆರೆ ಮುಂದಿನ ರೆಕ್ಕೆಯಿಂದ ಹಿಂದಿನ ರೆಕ್ಕೆಗೆ ದಾಟಿಹೋಗಿದ್ದರೆ ಹೆಚ್ಚಾಗಿ ಜಿಯೊಮೆಟ್ರಿಡೇ. ಗೇಣು ಹಾಕುತ್ತಾ ನಡೆಯುವ ಹುಳುಗಳು ಇವುಗಳ ಮರಿಗಳೇ. ಜೆಟ್ ವಿಮಾನದಂತೆ ಕಿರಿದಾದ ರೆಕ್ಕೆ, ದಪ್ಪ ಹೊಟ್ಟೆ ಇದ್ದರೆ ಸ್ಫಿಂಜಿಡೇ. ಮನೆಮುಂದೆ ಕಣಗಿಲೆಯೋ ನಂದಿಬಟ್ಟಲೋ ಇದ್ದು, ಹಸಿರು ಅಮೃತಶಿಲೆಯಂಥದ್ದು ಕಂಡರೆ ಅದು ಡ್ಯಾಫ್ನಿಸ್ ನೇರಿಯೈ. ಇದನ್ನು ಒಂದೇ ಫೋಟೊದಿಂದ ಧೈರ್ಯವಾಗಿ ಹೇಳಬಹುದು.

ಆಪ್ ಎಡವುವುದು ಬೇರೆ ಕಾರಣಕ್ಕೆ. ಅದು ಜನರು ಏರಿಸಿದ ಫೋಟೊಗಳಿಂದಲೇ ಕಲಿಯುತ್ತದೆ. ಎಲ್ಲಿಂದ ಹೆಚ್ಚು ಫೋಟೊ ಬಂದಿವೆಯೋ ಆ ಊರಿನ ಪತಂಗದ ಹೆಸರೇ ಅದರ ಬಾಯಿಗೆ ಮೊದಲು ಬರುತ್ತದೆ. ರೆಕ್ಕೆಯಲ್ಲಿ ಗಾಜಿನ ಕಿಟಕಿಯಂಥ ತ್ರಿಕೋನಗಳು, ತುದಿಯಲ್ಲಿ ಹಾವಿನ ತಲೆಯಂಥ ಚಿತ್ರ ಇರುವ ಮಹಾ ಪತಂಗವನ್ನು ಅದು ಅಟ್ಯಾಕಸ್ ಅಟ್ಲಾಸ್ ಎನ್ನುತ್ತದೆ. ಆದರೆ ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದನ್ನು ಈಗ ಅಟ್ಯಾಕಸ್ ಟ್ಯಾಪ್ರೊಬಾನಾ ಎಂಬ ಬೇರೆ ಜಾತಿಯಾಗಿ ಪರಿಗಣಿಸುತ್ತಾರೆ. ಆದ್ದರಿಂದ ಆಪ್ ಹೆಸರು ಹೇಳಿದ ಕೂಡಲೇ ಆ ಜಾತಿ ಪಶ್ಚಿಮ ಘಟ್ಟದಲ್ಲಿ ದಾಖಲಾಗಿದೆಯೇ ಎಂದು ಮಾತ್ಸ್ ಆಫ್ ಇಂಡಿಯಾ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣದಲ್ಲಿ ನೋಡಿ.

ಕೆಲವು ಪತಂಗಗಳಿಗೆ ಎಂಥ ಕ್ಯಾಮೆರಾ ತಂದರೂ ಪ್ರಯೋಜನವಿಲ್ಲ. ಯುಪಿಥೀಸಿಯಾದಂಥ ಚಿಕ್ಕ ಬೂದು ಪತಂಗಗಳ ಜಾತಿ ತಿಳಿಯಲು ಬಹಳ ಸಲ ಹೊಟ್ಟೆಯ ತುದಿ ಬಿಡಿಸಿ, ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಭಾರತದಲ್ಲಿ ಪತಂಗಗಳ ಜಾತಿಗಳೇ 10,000ಕ್ಕೂ ಹೆಚ್ಚು. ‘ಯುಪಿಥೀಸಿಯಾದ ಯಾವುದೋ ಒಂದು’ ಎಂದು ಬರೆದಿಡಲು ನಾಚಿಕೆ ಬೇಡ. ನನ್ನ ಪಟ್ಟಿಯಲ್ಲಿ ಅಂಥ ‘ಯಾವುದೋ’ಗಳೇ ಅರ್ಧಕ್ಕಿಂತ ಹೆಚ್ಚು. ಹಸಿರು ಬಣ್ಣವನ್ನೂ ಪೂರ್ತಿ ನಂಬಬೇಡಿ. ಹಸಿರು ಜಿಯೊಮೆಟ್ರಿಡ್‌ಗಳು ಹಳತಾದಂತೆ ಬಣ್ಣ ಕಳೆದುಕೊಂಡು ಹಳದಿ ತಿರುಗುತ್ತವೆ.

ಮುಂದಿನ ಸಲ ಬರುವುದಾದರೆ ಮೇ ತಿಂಗಳಿನಲ್ಲಿ, ಮೊದಲ ಮಳೆ ಬಿದ್ದು ಸೆಖೆ ಇರುವ, ಚಂದ್ರನಿಲ್ಲದ ರಾತ್ರಿ ನೋಡಿ ಬನ್ನಿ. ಅಕ್ಟೋಬರ್ ಕೂಡ ಆಗಬಹುದು. ಜುಲೈನಲ್ಲಿ ಆಗುಂಬೆಯ ಮಳೆಗೆ ನೀವೇ ಜಗಲಿ ದಾಟಲಾರಿರಿ. ಹಗ್ಗಕ್ಕೆ ಬಿಳಿ ಪಂಚೆ ಕಟ್ಟಿ ದೀಪ ಹಾಕಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮೀಸೆ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಮೀಸೆ ಗರಿಯಂತೆ ಅಗಲವಾಗಿದ್ದರೆ ಸಾಮಾನ್ಯವಾಗಿ ಗಂಡು. ಕಿಟಕಿಯ ಗಾಜಿಗೆ ಕುಳಿತಿದ್ದರೆ ಒಳಗಿನಿಂದಲೂ ಒಂದು ತೆಗೆಯಿರಿ, ಅಡಿಭಾಗ ಪುಕ್ಕಟೆಯಾಗಿ ಸಿಗುತ್ತದೆ. ಪತಂಗ ಹಾರಿಹೋದ ಮೇಲೆ ಅದೇ ಜಾಗದಲ್ಲಿ, ಅಷ್ಟೇ ದೂರದಿಂದ ಹತ್ತು ರೂಪಾಯಿಯ ನಾಣ್ಯದ ಫೋಟೊ ತೆಗೆದಿಡಿ. ನಾಣ್ಯ 27 ಮಿಲಿಮೀಟರ್ ಅಗಲವಿರುವುದರಿಂದ ರೆಕ್ಕೆಯ ಅಳತೆ ಆಮೇಲೆ ಲೆಕ್ಕ ಹಾಕಬಹುದು. ದಿನಾಂಕ, ಊರು, ಸುತ್ತಲಿನ ಗಿಡಗಳನ್ನು ಅಲ್ಲೇ ಬರೆದುಕೊಳ್ಳಿ.

ಇನ್ನೊಂದು ವಿಷಯ. ಬೆಳಕು ಹರಿಯುವ ಮೊದಲೇ ದೀಪ ಆರಿಸಿ. ಇಲ್ಲವಾದರೆ ಪಿಕಳಾರ, ಮಡಿವಾಳ ಹಕ್ಕಿಗಳು ಸಾಲಾಗಿ ಬಂದು ಪಂಚೆಯನ್ನು ಊಟದೆಲೆ ಮಾಡಿಕೊಳ್ಳುತ್ತವೆ. ಅವು ಮೈ ತಿಂದು ರೆಕ್ಕೆ ಉದುರಿಸಿ ಹೋಗುತ್ತವೆ. ನಿಮ್ಮ ಎರಡು ರಾತ್ರಿಯ ಫೋಟೊಗಳ ಜೊತೆ ಬೆಳಗಿನ ಜಗಲಿಯ ಫೋಟೊ ಏನಾದರೂ ಇದ್ದರೆ ದೊಡ್ಡದು ಮಾಡಿ ನೋಡಿ. ನೆಲದ ಮೇಲೆ ಬಿದ್ದ ಒಂದು ಹಿಂದಿನ ರೆಕ್ಕೆ ಕಂಡರೂ ಇಲ್ಲಿ ಹಾಕಿ, ನಾನು ನೋಡುತ್ತೇನೆ.