ಸಂಕನ್ ತುಂಬಿಸೋ ಮುಂಚೆ ಇದನ್ನ ಓದಿ ಸರ್

ಸರ್ ನಿಮ್ ಪೋಸ್ಟ್ ಈಗ ನೋಡ್ದೆ. ಶಿವಮೊಗ್ಗದಲ್ಲಿ ಮನೆ, ಮೇಲಿನ ಎರಡೂ ಬಾತ್‌ರೂಮ್ ಸಂಕನ್ (ಪೈಪ್ ಹಾಯಿಸೋಕೆ ತಗ್ಗಾಗಿ ಬಿಟ್ಟಿರೋ ನೆಲ) ಮುಂದಿನ ವಾರ ತುಂಬಿಸ್ತಾರೆ, ವಾಟರ್‌ಪ್ರೂಫಿಂಗ್ ಕನ್ಸಲ್ಟೆಂಟ್ 18 ಸಾವಿರ ಕೇಳಿದ್ರು, ಕಂಟ್ರಾಕ್ಟರ್ "ನಾನೇ ಡಬಲ್ ಕೋಟ್ ಹೊಡೆಸ್ತೀನಿ, ಅವ್ರಿಗ್ಯಾಕೆ ದುಡ್ಡು" ಅಂದ್ರು, ಅದಕ್ಕೆ ಬೇಡ ಅಂತ ಬಿಟ್ವಿ ಅಂತ ಬರ್ದಿದೀರ. ಇದೇ ಮಾತಿಗೆ 2019ರಲ್ಲಿ ನಾನೂ ಹೂಂ ಅಂದಿದ್ದೆ. ಅದಕ್ಕೇ ಉದ್ದ ಬರೀತಿದೀನಿ.

ನಮ್ಮನೇಲಿ ಕೋಟಿಂಗ್ ಕೆಲ್ಸ ಚೆನ್ನಾಗೇ ಆಗಿತ್ತು. ಒಂದು ಕೈ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಮೂಲೆಗೆಲ್ಲ ಮೆಶ್. ನಾಲ್ಕನೇ ದಿನ ಪ್ಲಂಬರ್ ಬಂದು ಪೈಪಿಗೆ ವಾಟ (ಇಳಿಜಾರು) ಸಿಗ್ತಿಲ್ಲ ಅಂತ ಸಂಕನ್ ಪಕ್ಕದ ಗೋಡೆಗೆ ಇನ್ನೊಂದು ಹೋಲ್ ಹೊಡ್ದು, ಪೈಪ್ ತೂರ್ಸಿ, ಸುತ್ತ ಒಂದ್ ಹಿಡಿ ಸಿಮೆಂಟ್ ಮೆತ್ತಿ ಹೋದ. ಸಂಜೆಗೆ ಇಟ್ಟಿಗೆ ಚೂರು ತುಂಬಿ ಮುಚ್ಚಿಯೂ ಆಯ್ತು. ನೀರು ಕಟ್ಟಿ, ಅಂದ್ರೆ ಸಂಕನ್‌ನಲ್ಲಿ ನೀರು ನಿಲ್ಸಿ ಸೋರುತ್ತಾ ಅಂತ ನೋಡೇ ಇಲ್ಲ.

ಗೃಹಪ್ರವೇಶ ಆಗಿ 14 ತಿಂಗಳಿಗೆ ಕೆಳಗಡೆ ಡೈನಿಂಗ್ ಹಾಲಲ್ಲಿ ಗೋಡೆ ಸೀಲಿಂಗ್ ಸೇರೋ ಕಡೆ ಪೇಂಟು ಹಪ್ಪಳದ ಥರ ಉಬ್ತು. ಉಗುರಲ್ಲಿ ಚುಚ್ಚಿದ್ರೆ ಕಂದು ನೀರು ಮೊಣಕೈವರೆಗೂ ಇಳೀತು. ಕಂಟ್ರಾಕ್ಟರ್ ಟೈಲ್ಸ್ ಗ್ರೌಟ್ ಹೋಗಿದೆ ಅಂದ, ಎಪಾಕ್ಸಿ ಹಾಕ್ಸಿದೆ. ಪ್ಲಂಬರ್ ನಲ್ಲಿ ಪೈಪ್ ಜಾಯಿಂಟ್ ಅಂದ, ಗೋಡೆ ಒಡ್ಸಿದೆ. ಇನ್ನೊಬ್ರು ಸೋರೋ ಜಾಗಕ್ಕೆ ಕೆಳಗಿಂದ ಕೆಮಿಕಲ್ ಇಂಜೆಕ್ಷನ್ ಮಾಡಿದ್ರು, ನೀರು ಅಲ್ಲಿ ನಿಂತು ಫ್ಯಾನ್ ಬಾಕ್ಸಿಂದ ಹನಿಯೋಕೆ ಶುರು ಆಯ್ತು. ಕೊನೆಗೆ ನಾನು ಮೊದ್ಲು ಬೇಡ ಅಂದಿದ್ದ ಅದೇ ಕನ್ಸಲ್ಟೆಂಟನ್ನ ಕರೆದೆ. ಅವ್ರು ಸಪ್ಲೈ ಪೈಪಿಗೆ ಪ್ರೆಶರ್ ಟೆಸ್ಟ್ ಮಾಡಿದ್ರು, ಮೀಟರ್ ಮುಳ್ಳು ಇಳೀಲಿಲ್ಲ, ಅಂದ್ರೆ ಆ ಪೈಪ್ ಸೋರ್ತಿಲ್ಲ. ಆಮೇಲೆ ನೀರು ಹೊರಗೆ ಹೋಗೋ ಟ್ರ್ಯಾಪ್ ಬಾಯಿ ಮುಚ್ಚಿ ಬಣ್ಣದ ನೀರು ನಿಲ್ಸಿದ್ರು. ಮಾರನೇ ದಿನ ಮಧ್ಯಾಹ್ನ ಹೊರಗಡೆ ಪೈಪ್ ಇಳಿಯೋ ಡಕ್ಟಲ್ಲಿ, ಪ್ಲಂಬರ್ ಆಮೇಲೆ ತೂರ್ಸಿದ್ದ ಆ ಪೈಪ್ ಸುತ್ತ ಕೆಂಪು ಗೆರೆ. ಟೈಲ್ಸ್ ಒಡ್ದು, ಸಂಕನ್ ತೆಗ್ದು, ಮತ್ತೆ ಮಾಡ್ಸೋಕೆ 1 ಲಕ್ಷ 35 ಸಾವಿರ. ಆಗ ಕನ್ಸಲ್ಟೆಂಟ್ ಬೇಡ ಅಂತ ನಾನು ಉಳಿಸಿದ್ದು 15 ಸಾವಿರ.

ಪಿವಿಸಿ ಪೈಪಿಗೆ ಸಿಮೆಂಟ್ ಹಿಡಿಯಲ್ಲ ಸರ್, ಒಣಗಿದ್ಮೇಲೆ ಕೂದಲೆಳೆ ಸಂದು ಬಿಟ್ಟೇ ಬಿಡುತ್ತೆ. ಪೈಪ್ ಸುತ್ತ ಕೆತ್ತಿ ನಾನ್ ಶ್ರಿಂಕ್ ಗ್ರೌಟ್ (ಒಣಗಿದ್ರೂ ಕುಗ್ಗದ ಗಾರೆ) ತುಂಬಿ, ಕುತ್ತಿಗೆಗೆ ರಬ್ಬರ್ ಥರ ಇರೋ ಪಿಯು ಸೀಲೆಂಟ್ ಹಾಕಿ, ಕೋಟಿಂಗನ್ನ ಪೈಪ್ ಮೇಲೂ ಹತ್ತಿಸ್ಬೇಕು. ಇದನ್ನ ಮೇಸ್ತ್ರಿ ಪ್ಲಂಬರ್ ಕೆಲಸ ಅಂತಾನೆ, ಪ್ಲಂಬರ್ ಮೇಸ್ತ್ರಿ ಕೆಲಸ ಅಂತಾನೆ. ಕನ್ಸಲ್ಟೆಂಟಿಗೆ ದುಡ್ಡು ಕೊಡೋದು ಈ ನಡುವಿನ ಜಾಗ ನೋಡ್ಕೊಳ್ಳೋಕೆ. ಯಾವ್ದಾದ್ಮೇಲೆ ಯಾವ್ದು ಅಂತ ಬರ್ದು ಕೊಡ್ಬೇಕು, ಕೋಟಿಂಗ್ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ, ನೀರು ಕಟ್ಟಿದಾಗ ಒಂದ್ಸಲ ಬರ್ಬೇಕು. ಬರೀ ಫೋನಲ್ಲಿ ಫೋಟೋ ನೋಡಿ ಹೇಳೋರಿಗೆ 18 ಸಾವಿರ ಕೊಡ್ಬೇಡಿ.

ಮೆಟೀರಿಯಲ್ ಮಾರೋರನ್ನ ಕನ್ಸಲ್ಟೆಂಟ್ ಅಂತ ತಗೋಬೇಡಿ. ಕಂಪನಿ ಕಡೆಯಿಂದ ಫ್ರೀ ಇನ್‌ಸ್ಪೆಕ್ಷನ್‌ಗೆ ಬರೋರು ಕೆಟ್ಟವ್ರಲ್ಲ, ಆದ್ರೆ ಅವ್ರ ಹತ್ರ ಇರೋ ಡಬ್ಬಕ್ಕೆ ತಕ್ಕಂಗೆ ನಿಮ್ ರೋಗ ಹೇಳ್ತಾರೆ. ವಾರಂಟಿ ಕಾರ್ಡಲ್ಲಿ ಮೆಟೀರಿಯಲ್‌ಗೆ ಮಾತ್ರನಾ, ಒಡ್ದು ಮತ್ತೆ ಮಾಡೋ ಲೇಬರ್‌ಗೂನಾ ಓದಿ. ಇನ್ನು ಕೆಳಗೆ ಕಾಮೆಂಟಲ್ಲಿ ಒಬ್ರು "ಎಲ್‌ಡಬ್ಲ್ಯೂ ಪ್ಲಸ್ ಹಾಕ್ಸಿದೀನಿ ಸಾಕು" ಅಂದಿದಾರೆ. ಸಾಲಲ್ಲ ಸರ್, ಅದು ಸಿಮೆಂಟ್ ಮೂಟೆಗೆ 200 ಎಂಎಲ್ ಗಾರೆ ಒಳಗೆ ಕಲ್ಸೋ ಲಿಕ್ವಿಡ್, ಬಿರುಕನ್ನಾಗ್ಲಿ ಪೈಪ್ ಸಂದನ್ನಾಗ್ಲಿ ಮುಚ್ಚಲ್ಲ. ಕೋಟಿಂಗಿಗೆ ಪುಡಿ, ಲಿಕ್ವಿಡ್ ಎರಡೂ ಬರೋ ಟೂ ಕಾಂಪೊನೆಂಟ್ ತಗೊಳ್ಳಿ. ಡಾ. ಫಿಕ್ಸಿಟ್, ಫಾಸ್ರಾಕ್, ಸಿಕಾ ಮೂರೂ ನೋಡಿದೀನಿ, ನನಗೆ ಫಾಸ್ರಾಕ್ ಅವ್ರ ಬ್ರಷ್‌ಬಾಂಡ್ ಕೈಗೆ ಚೆನ್ನಾಗಿ ಕೂರುತ್ತೆ ಅನ್ಸಿದೆ, ಆದ್ರೆ ಬ್ರಾಂಡ್ ಬಗ್ಗೆ ಇಲ್ಲಿ ಆಗೋ ಜಗಳದ ಅರ್ಧದಷ್ಟನ್ನ ನೀರು ಕಟ್ಟೋದ್ರ ಬಗ್ಗೆ ಮಾಡಿದ್ರೆ ಎಷ್ಟೋ ಮನೆ ಉಳಿಯುತ್ತೆ. ಲಿಕ್ವಿಡ್‌ಗೆ ನೀರು ಬೆರೆಸೋಕೆ ಮಾತ್ರ ಬಿಡ್ಬೇಡಿ, ನೀವೇ ನಿಂತ್ಕೊಳ್ಳಿ.

ನೀರು ಕಟ್ಟೋದು 48 ಗಂಟೆ ಕಮ್ಮಿ ಬೇಡ, ನಾನೀಗ 72 ಬಿಡ್ತೀನಿ. ಎರಡು ಇಂಚು ನಿಲ್ಸಿ ಗೋಡೆಗೆ ಪೆನ್ಸಿಲ್ ಗೆರೆ ಹಾಕಿ, ಪಕ್ಕದಲ್ಲೇ ಒಂದು ಬಕೆಟ್ ನೀರಿಗೂ ಗೆರೆ ಹಾಕಿಡಿ, ಆವಿಯಾಗಿದ್ದೆಷ್ಟು ಸೋರಿದ್ದೆಷ್ಟು ಗೊತ್ತಾಗುತ್ತೆ. ಕಂಟ್ರಾಕ್ಟರ್ ಪೇಮೆಂಟಲ್ಲಿ ಒಂದು ಕಂತು ಈ ಟೆಸ್ಟ್ ಆಗೋವರೆಗೂ ಹಿಡ್ಕೊಳ್ಳಿ, ಬಾಯಲ್ಲಿ ಅಲ್ಲ, ಅಗ್ರಿಮೆಂಟಲ್ಲೇ ಬರೆಸಿ. ಟೆಸ್ಟ್ ಪಾಸ್ ಆದ್ಮೇಲೆ ಕೋಟಿಂಗ್ ಮೇಲೆ ತಕ್ಷಣ ತೆಳು ಗಾರೆ ಹಾಕ್ಸಿ, ಇಲ್ಲಾಂದ್ರೆ ಇಟ್ಟಿಗೆ ಚೂರು ಸುರಿಯುವಾಗ್ಲೇ ಹರಿದುಹೋಗುತ್ತೆ.

ತಾರಸಿ ಮೋಲ್ಡ್ ಇನ್ನೂ ಹಾಕಿಲ್ಲ ಅಂದ್ರಲ್ಲ, ಅದಕ್ಕೂ ಕನ್ಸಲ್ಟೆಂಟನ್ನೇ ಈಗ್ಲೇ ಕೇಳಿ, ಆಗ ಪೈಪ್ ಸ್ಲೀವ್ (ಪೈಪ್ ಹಾಯೋಕೆ ಕಾಂಕ್ರೀಟಲ್ಲೇ ಬಿಡೋ ಕೊಳವೆ) ಮೊದ್ಲೇ ಇಡ್ಬೋದು, ಒಡೆಯೋ ಕೆಲ್ಸವೇ ಬರಲ್ಲ. 10 ಅಡಿಗೆ ಒಂದೂಕಾಲು ಇಂಚು ವಾಟ, ಪ್ಯಾರಾಪೆಟ್ ಬುಡ ರೌಂಡ್ ಮಾಡ್ಸಿ. ಪಿಪಿಸಿ (ಹಾರುಬೂದಿ ಬೆರೆಸಿರೋ) ಸಿಮೆಂಟ್ ಆದ್ರೆ ನೀರು ಹಾಕೋ ಕ್ಯೂರಿಂಗ್ ಕನಿಷ್ಠ 10 ದಿನ, 14 ಮಾಡಿದ್ರೆ ಇನ್ನೂ ಒಳ್ಳೇದು. ಮಲೆನಾಡಲ್ಲಿ ಹೆಂಗೂ ಮೇಲೆ ಶೀಟ್ ಹಾಕ್ತೀವಿ ಅಂತ ತಾರಸಿ ವಾಟ ಬಿಡ್ಬೇಡಿ, ಮಳೆ ಇರಚಲು ಒಳಗೆ ಬಂದೇ ಬರುತ್ತೆ.

ನಿಮ್ ಎರಡನೇ ಫೋಟೋದಲ್ಲಿ ಎಡಗಡೆ ಮೂಲೇಲಿ ಕಮೋಡ್ ಪೈಪಿನ ಹೋಲ್ ಕಾಣ್ತಿಲ್ಲ. ಇನ್ನೂ ಹೊಡ್ದಿಲ್ಲ ಅಂದ್ರೆ ನಾಳೆ ಕೋಟಿಂಗ್ ನಿಲ್ಲಿಸಿ, ಮೊದ್ಲು ಪ್ಲಂಬರನ್ನ ಕರ್ಸಿ. ಆ ಮೂಲೆ ಹತ್ರದಿಂದ ಫೋಟೋ ಹಾಕಿ, ನೋಡಿ ಹೇಳ್ತೀನಿ.